ಹಾಡೊಂದು ‘ಪ್ಲಾಟಿನಂ’ ಆಗುವುದು ಹೇಗೆ? ಅಮೆರಿಕದ ಮಾರಾಟ ಪ್ರಮಾಣಪತ್ರಗಳ ಹಿಂದಿನ ಲೆಕ್ಕ

ಬೆಂಗಳೂರಿನಲ್ಲಿ ನೆಲೆಸಿರುವ ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ ಹಾಡು 2024ರ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ 23ನೆಯ ಸ್ಥಾನದವರೆಗೂ ಏರಿತು. ಇಂಥ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ‘ಗೋಲ್ಡ್’, ‘ಪ್ಲಾಟಿನಂ’, ‘ಡೈಮಂಡ್’ ಎಂಬ ಮಾತುಗಳೂ ಓಡಾಡತೊಡಗುತ್ತವೆ. ಯಾವುದೋ ಹಾಡು ಐದು ಪಟ್ಟು ಪ್ಲಾಟಿನಂ ಆಯಿತೆಂದು ಓದುತ್ತೇವೆ; ಆ ಹಾಡನ್ನು ಐವತ್ತು ಲಕ್ಷ ಜನ ದುಡ್ಡು ಕೊಟ್ಟು ಕೊಂಡಿದ್ದಾರೆಂದು ಸಹಜವಾಗಿಯೇ ಅಂದುಕೊಳ್ಳುತ್ತೇವೆ. ಆದರೆ ಇಂದಿನ ಪ್ಲಾಟಿನಂ ಪ್ರಮಾಣಪತ್ರದ ಬಹುಪಾಲು ಹಾಡನ್ನು ಕೊಂಡವರಿಂದ ಬರುವುದಿಲ್ಲ, ಫೋನಿನಲ್ಲಿ ಕೇಳಿದವರಿಂದ ಬರುತ್ತದೆ. ಅರವತ್ತು ವರ್ಷದ ಹಿಂದಿನ ಚಿನ್ನದ ತಟ್ಟೆಯೂ ಇಂದಿನ ಚಿನ್ನದ ತಟ್ಟೆಯೂ ಗೋಡೆಯ ಮೇಲೆ ಒಂದೇ ಬಗೆಯಲ್ಲಿ ಹೊಳೆದರೂ ಅವೆರಡರ ಹಿಂದಿರುವ ಸಂಖ್ಯೆಗಳು ಬೇರೆ, ಆ ಸಂಖ್ಯೆಗಳನ್ನು ಎಣಿಸಿದ ಬಗೆಯೂ ಬೇರೆ. ಈ ವ್ಯವಸ್ಥೆ ಹುಟ್ಟಿ ಬೆಳೆದ ಅಮೆರಿಕವನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಆ ಎಣಿಕೆಯ ಬಗೆಯನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಪಟ್ಟಿ ಬೇರೆ, ಪ್ರಮಾಣಪತ್ರ ಬೇರೆ

ಮೊದಲಿಗೆ ‘ಸಿಂಗಲ್’ ಎಂಬ ಮಾತು. ಇಡೀ ಆಲ್ಬಂನಿಂದ ಬೇರೆಯಾಗಿ, ಒಂಟಿ ಹಾಡಾಗಿ ಮಾರುಕಟ್ಟೆಗೆ ಬರುವುದೇ ಸಿಂಗಲ್. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಯು ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ಚಿಕ್ಕ ರೆಕಾರ್ಡನ್ನು ತಂದ ಮೇಲೆ, ಒಂದು ಮುಖಕ್ಕೆ ಮುಖ್ಯ ಹಾಡು, ಇನ್ನೊಂದು ಮುಖಕ್ಕೆ ಜೊತೆಯ ಹಾಡು ಎಂಬ ಕ್ರಮ ಬೇರೂರಿತು. ನಮ್ಮಲ್ಲಿ ಹಾಡುಗಳು ಬಹುಕಾಲ ಸಿನಿಮಾದ ಜೊತೆಗೇ ಕಟ್ಟಾಗಿ ಬಂದದ್ದರಿಂದ ಸಿಂಗಲ್ ಎಂಬ ವ್ಯಾಪಾರದ ಘಟಕ ನಮಗೆ ಅಷ್ಟಾಗಿ ಪರಿಚಿತವಲ್ಲ. ಪಾಶ್ಚಾತ್ಯ ಜನಪ್ರಿಯ ಸಂಗೀತದ ಮಾರುಕಟ್ಟೆಯಾದರೋ ಅದರ ಮೇಲೆಯೇ ಕಟ್ಟಿದ್ದು.

ಒಂದು ಸಿಂಗಲ್ ಎಷ್ಟು ಜನಪ್ರಿಯವೆಂದು ಅಳೆಯಲು ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಮೊದಲನೆಯದು ವಾರದ ಪಟ್ಟಿ. 1958ರ ಆಗಸ್ಟ್‌ನಲ್ಲಿ ಆರಂಭವಾದ ಬಿಲ್‌ಬೋರ್ಡ್ ಹಾಟ್ 100 ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಮಾರಾಟ, ಸ್ಟ್ರೀಮಿಂಗ್ ಮತ್ತು ರೇಡಿಯೊ ಪ್ರಸಾರ ಮೂರನ್ನೂ ಸೇರಿಸಿ, ಆ ವಾರ ಯಾವ ಹಾಡು ಯಾವ ಹಾಡಿಗಿಂತ ಮುಂದಿದೆ ಎಂಬುದನ್ನು ಅದು ಹೇಳುತ್ತದೆ. ಅಲ್ಲಿ ಹಾಡು ಏರುತ್ತದೆ, ಇಳಿಯುತ್ತದೆ, ಒಂದು ದಿನ ಕಣ್ಮರೆಯಾಗುತ್ತದೆ. ಎರಡನೆಯದು ಪ್ರಮಾಣಪತ್ರ. ಹಾಡು ಬಿಡುಗಡೆಯಾದ ದಿನದಿಂದ ಇಂದಿನವರೆಗೆ ಒಟ್ಟುಗೂಡಿದ ಸಂಖ್ಯೆಯು ಗೊತ್ತುಪಡಿಸಿದ ಗಡಿಯನ್ನು ದಾಟಿದೆ ಎಂಬುದಕ್ಕೆ ಉದ್ಯಮದ ಸಂಘವೊಂದು ಕೊಡುವ ದೃಢೀಕರಣವಿದು. ಇಲ್ಲಿ ಬೇರೆ ಹಾಡಿನೊಡನೆ ಸ್ಪರ್ಧೆ ಇರುವುದಿಲ್ಲ, ರೇಡಿಯೊ ಪ್ರಸಾರವೂ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಸಂಖ್ಯೆ ಬೆಳೆಯಬಲ್ಲದೇ ಹೊರತು ಇಳಿಯುವ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಹೀಗಾಗಿ ಪಟ್ಟಿಯ ತುದಿಯನ್ನು ಎಂದೂ ಮುಟ್ಟದ ಹಾಡು ನಿಧಾನವಾಗಿ, ಹತ್ತಾರು ವರ್ಷಗಳಲ್ಲಿ, ಪ್ಲಾಟಿನಂ ಆಗಬಹುದು; ಒಂದು ವಾರ ಮೊದಲ ಸ್ಥಾನದಲ್ಲಿ ಮಿಂಚಿದ ಹಾಡು ಅಲ್ಲಿಗೆ ತಲುಪಲು ತಡವಾಗಬಹುದು.

ಬಂಗಾರದ ತಟ್ಟೆಯ ಹುಟ್ಟು

1942ರ ಫೆಬ್ರುವರಿ 10ರಂದು ಗ್ಲೆನ್ ಮಿಲ್ಲರ್ ಅವರ ವಾದ್ಯವೃಂದದ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಯು ಅವರಿಗೆ ಚಿನ್ನದ ಬಣ್ಣ ಲೇಪಿಸಿದ ರೆಕಾರ್ಡೊಂದನ್ನು ಕೊಟ್ಟಿತು. ‘ಚಾಟನೂಗಾ ಚೂ ಚೂ’ ಎಂಬ ಅವರ ಹಾಡಿನ 12 ಲಕ್ಷ ಪ್ರತಿಗಳು ಮಾರಾಟವಾದದ್ದಕ್ಕೆ ಸಂದ ಗೌರವ ಅದು. ಅದಕ್ಕೂ ಮೊದಲು, 1937ರಲ್ಲಿ, ಬ್ರಿಟನ್ನಿನ ರೀಗಲ್ ಝೋನೋಫೋನ್ ಕಂಪನಿಯು ಹಾಸ್ಯಗಾಯಕ ಜಾರ್ಜ್ ಫಾರ್ಮ್‌ಬಿ ಅವರಿಗೆ ಒಂದು ಲಕ್ಷ ಪ್ರತಿಗಳ ಮಾರಾಟಕ್ಕಾಗಿ ಬೆಳ್ಳಿಯ ತಟ್ಟೆ ಕೊಟ್ಟಿತ್ತು. ಈ ಗೌರವಗಳು ಚಂದವೇ. ಆದರೆ ಕೊಡುವವರೂ ಕಂಪನಿಯವರೇ, ಎಣಿಸುವವರೂ ಕಂಪನಿಯವರೇ ಆಗಿದ್ದರು. ತನ್ನ ಗಾಯಕನ ಹಾಡು ಹತ್ತು ಲಕ್ಷ ಮಾರಾಟವಾಯಿತೆಂದು ಕಂಪನಿ ಸಾರಿದರೆ ಅದನ್ನು ಪರಿಶೀಲಿಸಿ ಹೌದೆನ್ನುವ ಹೊರಗಿನವರು ಯಾರೂ ಇರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ, ಅಂದರೆ ಆರ್‌ಐಎಎ. ಅದು ಸ್ಥಾಪನೆಯಾದದ್ದು 1952ರಲ್ಲಿ. ರೆಕಾರ್ಡುಗಳಲ್ಲಿ ಧ್ವನಿಯ ಏರಿಳಿತವನ್ನು ಕೆತ್ತುವುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ತಾಂತ್ರಿಕ ಮಾನದಂಡ ತರುವುದು ಅದರ ಆರಂಭದ ಕೆಲಸಗಳಲ್ಲೊಂದು. ಹಳೆಯ ರೆಕಾರ್ಡುಗಳನ್ನು ಇಂದಿಗೂ ನುಡಿಸುವವರು ‘ಆರ್‌ಐಎಎ ಕರ್ವ್’ ಎಂಬ ಮಾತನ್ನು ಕೇಳಿರುತ್ತಾರೆ. ಇದೇ ಸಂಘ 1958ರಲ್ಲಿ ‘ಗೋಲ್ಡ್’ ಪ್ರಮಾಣಪತ್ರವನ್ನು ಆರಂಭಿಸಿತು. ಆ ವರ್ಷದ ಮಾರ್ಚ್ 14ರಂದು ಪೆರಿ ಕೋಮೊ ಅವರ ‘ಕ್ಯಾಚ್ ಎ ಫಾಲಿಂಗ್ ಸ್ಟಾರ್’ ಮೊದಲ ಗೋಲ್ಡ್ ಸಿಂಗಲ್ ಆಯಿತು. ಅಂದಿನ ಗಡಿ ಹತ್ತು ಲಕ್ಷ ಪ್ರತಿಗಳು. ಅಲ್ಲಿಂದ ಮುಂದೆ ಕಂಪನಿಯ ಮಾತಷ್ಟೇ ಸಾಲುತ್ತಿರಲಿಲ್ಲ, ಲೆಕ್ಕಪತ್ರಗಳನ್ನು ಹೊರಗಿನವರು ನೋಡಬೇಕಿತ್ತು. ಈ ವ್ಯವಸ್ಥೆಯ ನಿಜವಾದ ಬೆಲೆ ಇರುವುದು ಲೋಹದ ತಟ್ಟೆಗಿಂತ ಹೆಚ್ಚಾಗಿ ಈ ಲೆಕ್ಕಪರಿಶೋಧನೆಯಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಅಂದಹಾಗೆ, ಗಾಯಕರ ಮನೆಯ ಗೋಡೆಗಳ ಮೇಲೆ ಕಾಣುವ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಲೋಹದ ಲೇಪವಿರುವ ಒಂದು ತಟ್ಟೆ, ಅದರ ಕೆಳಗೆ ಹಾಡಿನ ಹೆಸರು, ಗಾಯಕರ ಹೆಸರು, ಗಡಿ ದಾಟಿದ ಸಂಖ್ಯೆ ಮತ್ತು ಸಂಘದ ಮುದ್ರೆ ಇರುತ್ತವೆ. ಇದನ್ನು ಸಂಘವೇ ತಯಾರಿಸಿ ಹಂಚುವುದಿಲ್ಲ. ಸಂಘದಿಂದ ಪರವಾನಗಿ ಪಡೆದ ತಯಾರಕರು ಇದ್ದಾರೆ; ಪ್ರಮಾಣಪತ್ರ ಸಿಕ್ಕ ಮೇಲೆ ಕಂಪನಿಯವರು ಹಣ ಕೊಟ್ಟು ಎಷ್ಟು ಬೇಕೋ ಅಷ್ಟು ಮಾಡಿಸಿಕೊಳ್ಳುತ್ತಾರೆ. ಗಾಯಕರ ಜೊತೆಗೆ ಹಾಡು ಬರೆದವರು, ನಿರ್ಮಾಪಕರು, ಧ್ವನಿ ಎಂಜಿನಿಯರುಗಳ ಮನೆಯಲ್ಲಿಯೂ ಅದೇ ಚೌಕಟ್ಟು ಕಾಣುವುದು ಇದರಿಂದಲೇ.

ಗಡಿಗಳು ಸರಿದ ಕಥೆ

1970ರ ದಶಕದಲ್ಲಿ ಅಮೆರಿಕದ ಸಂಗೀತ ಮಾರುಕಟ್ಟೆ ಬಹಳ ದೊಡ್ಡದಾಗಿ, ಗೋಲ್ಡ್ ಪ್ರಮಾಣಪತ್ರಗಳ ಸಂಖ್ಯೆ ಏರುತ್ತ ಹೋಯಿತು. 1976ರಲ್ಲಿ ಅದಕ್ಕಿಂತ ಮೇಲಿನ ‘ಪ್ಲಾಟಿನಂ’ ದರ್ಜೆ ಬಂತು. ಸಿಂಗಲ್‌ಗೆ ಅದರ ಗಡಿ 20 ಲಕ್ಷ ಪ್ರತಿಗಳು. ಆ ವರ್ಷವೇ ಜಾನಿ ಟೇಲರ್ ಅವರ ‘ಡಿಸ್ಕೊ ಲೇಡಿ’ ಮೊದಲ ಪ್ಲಾಟಿನಂ ಸಿಂಗಲ್ ಆಯಿತು. 1984ರಲ್ಲಿ ಎರಡು ಪಟ್ಟು, ಮೂರು ಪಟ್ಟು ಎಂದು ಎಣಿಸುವ ‘ಮಲ್ಟಿ ಪ್ಲಾಟಿನಂ’ ಸೇರಿತು.

ಬಳಿಕ ಸಿಂಗಲ್ ವ್ಯಾಪಾರ ಕುಗ್ಗಿತು. ಏಳು ಇಂಚಿನ ರೆಕಾರ್ಡನ್ನು ಕೊಳ್ಳುವವರು ಕಡಿಮೆಯಾದರು, ಜನ ಕ್ಯಾಸೆಟ್ ಮತ್ತು ಸಿಡಿಯಲ್ಲಿ ಇಡೀ ಆಲ್ಬಂ ಕೊಳ್ಳತೊಡಗಿದರು. ಹಳೆಯ ಗಡಿ ಹಾಗೇ ಉಳಿದಿದ್ದರೆ ಗೋಲ್ಡ್ ಸಿಂಗಲ್ ಎಂಬುದೇ ಅಪರೂಪವಾಗುತ್ತಿತ್ತು. 1989ರಲ್ಲಿ ಸಂಘವು ಗಡಿಯನ್ನು ಅರ್ಧಕ್ಕೆ ಇಳಿಸಿತು: ಗೋಲ್ಡ್‌ಗೆ 5 ಲಕ್ಷ, ಪ್ಲಾಟಿನಂಗೆ 10 ಲಕ್ಷ. 1999ರಲ್ಲಿ ಒಂದು ಕೋಟಿಯ ಗಡಿಗೆ ‘ಡೈಮಂಡ್’ ಎಂಬ ಹೆಸರು ಬಂತು. ಅಂದಿನಿಂದ ಈ ಮೂರು ಸಂಖ್ಯೆಗಳು ಬದಲಾಗಿಲ್ಲ.

ಹಾಗಾಗಿ 1989ಕ್ಕೆ ಮುಂಚೆ ಕೊಟ್ಟ ಗೋಲ್ಡ್ ಸಿಂಗಲ್ ಎಂದರೆ ಹತ್ತು ಲಕ್ಷ, ಆಮೇಲೆ ಕೊಟ್ಟ ಗೋಲ್ಡ್ ಸಿಂಗಲ್ ಎಂದರೆ ಐದು ಲಕ್ಷ. ಹಳೆಯ ಗೋಲ್ಡ್ ಹಾಡೂ ಹೊಸ ಪ್ಲಾಟಿನಂ ಹಾಡೂ ಒಂದೇ ಗಡಿಯನ್ನು ದಾಟಿರಬಹುದು. ಎರಡು ತಲೆಮಾರಿನ ಗಾಯಕರನ್ನು ಪ್ರಮಾಣಪತ್ರಗಳ ಬಲದಿಂದ ತೂಗಿ ನೋಡುವ ಲೇಖನಗಳಲ್ಲಿ ಈ ಒಂದು ವರ್ಷದ ಉಲ್ಲೇಖವೇ ಇಲ್ಲದಿದ್ದರೆ ಆ ಹೋಲಿಕೆಯನ್ನು ನಂಬದಿರುವುದೇ ಕ್ಷೇಮ.

‘ಒಂದು’ ಎಂದರೆ ಏನು?

ಗಡಿ ಸರಿದದ್ದಕ್ಕಿಂತ ದೊಡ್ಡ ಬದಲಾವಣೆ ಎಣಿಕೆಯ ಘಟಕದಲ್ಲಿ ಆಗಿದೆ. ಹಿಂದೆ ಸೇರು ಎಂಬ ಅಳತೆ ಊರಿಗೊಂದು ಬಗೆಯಾಗಿತ್ತು. ಎರಡು ಊರಿನವರು ತಲಾ ಹತ್ತು ಸೇರು ಅಕ್ಕಿ ಅಳೆದರೆ ಚೀಲದಲ್ಲಿರುವ ಅಕ್ಕಿ ಒಂದೇ ಪ್ರಮಾಣದ್ದಾಗಿರುತ್ತಿರಲಿಲ್ಲ. ಪ್ರಮಾಣಪತ್ರದ ‘ಒಂದು ಯೂನಿಟ್’ ಕೂಡ ಕಾಲದಿಂದ ಕಾಲಕ್ಕೆ ಹಾಗೆಯೇ ಬದಲಾದ ಅಳತೆ.

ರೆಕಾರ್ಡ್, ಕ್ಯಾಸೆಟ್, ಸಿಡಿಗಳ ಕಾಲದಲ್ಲಿ ಒಂದು ಯೂನಿಟ್ ಎಂದರೆ ಒಂದು ಭೌತಿಕ ಪ್ರತಿ. ಅಲ್ಲಿಯೂ ಒಂದು ಸೂಕ್ಷ್ಮವಿದೆ. ಎಣಿಕೆಗೆ ಬರುತ್ತಿದ್ದುದು ಗಿರಾಕಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದಲ್ಲ. ಕಂಪನಿಯು ಅಂಗಡಿಗಳಿಗೆ ಕಳಿಸಿದ ಪ್ರತಿಗಳು, ಅದರಲ್ಲಿ ವಾಪಸು ಬಂದದ್ದನ್ನು ಕಳೆದು ಉಳಿದದ್ದು. ಮಾರಾಟವಾಗದ ಸರಕನ್ನು ಅಂಗಡಿಯವರು ಹಿಂದಿರುಗಿಸುವ ಪದ್ಧತಿ ಆ ವ್ಯಾಪಾರದಲ್ಲಿತ್ತು, ಹಿಂದಿರುಗುವುದಕ್ಕೆ ಸಮಯವೂ ಹಿಡಿಯುತ್ತಿತ್ತು. ಬಿಡುಗಡೆಯಾದ ಕೂಡಲೇ ಪ್ರಮಾಣಪತ್ರ ಕೊಟ್ಟರೆ ಕಪಾಟಿನಲ್ಲಿ ಧೂಳು ಹಿಡಿಯುತ್ತಿರುವ ಪ್ರತಿಗಳನ್ನೂ ಜನಪ್ರಿಯತೆಯೆಂದು ಎಣಿಸಿದಂತಾಗುತ್ತಿತ್ತು. ಬಿಡುಗಡೆಯ ಬಳಿಕ ಕೆಲವು ವಾರ ಕಾಯಬೇಕೆಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

2003ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ ತೆರೆಯಿತು. ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಡೌನ್‌ಲೋಡ್ ವ್ಯಾಪಾರಕ್ಕೆ ಮನ್ನಣೆ ಕೊಡಲು ಸಂಘವು 2004ರಲ್ಲಿ ಪ್ರತ್ಯೇಕ ಡಿಜಿಟಲ್ ಪ್ರಮಾಣಪತ್ರವನ್ನು ತಂದಿತು. ಆಗಿನ ಗಡಿ ಗೋಲ್ಡ್‌ಗೆ 1 ಲಕ್ಷ, ಪ್ಲಾಟಿನಂಗೆ 2 ಲಕ್ಷ ಮಾತ್ರ. ಹೊಸ ಮಾರುಕಟ್ಟೆ ನಿರೀಕ್ಷೆ ಮೀರಿ ಬೆಳೆದದ್ದರಿಂದ 2006ರಲ್ಲಿ ಅದನ್ನೂ 5 ಲಕ್ಷ ಮತ್ತು 10 ಲಕ್ಷಕ್ಕೆ ಏರಿಸಲಾಯಿತು. ಅದೇ ವರ್ಷ ಮೊಬೈಲ್ ರಿಂಗ್‌ಟೋನುಗಳಿಗೂ ಪ್ರತ್ಯೇಕ ಪ್ರಮಾಣಪತ್ರ ಬಂತು. ಹಾಡಿನ ಕೆಲವೇ ಸೆಕೆಂಡುಗಳ ತುಣುಕಿಗೆ ಜನ ದುಡ್ಡು ಕೊಡುತ್ತಿದ್ದ ಕಾಲವದು.

2013ರ ಮೇ ತಿಂಗಳಲ್ಲಿ ಸ್ಟ್ರೀಮಿಂಗ್ ಸೇರಿತು. ಸ್ಟ್ರೀಮಿಂಗ್‌ನಲ್ಲಿ ಹಾಡು ಕೇಳುಗನ ಸ್ವಂತವಾಗುವುದಿಲ್ಲ. ಬೇಕೆಂದಾಗ ಅಂತರ್ಜಾಲದ ಮೂಲಕ ಹರಿದು ಬರುತ್ತದೆ, ಕೇಳಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ಮಾರಾಟಕ್ಕೆ ಸಮವೆಂದು ಹೇಗೆ ಎಣಿಸುವುದು? ಸಂಘವು 100 ಸ್ಟ್ರೀಮ್‌ಗಳನ್ನು ಒಂದು ಯೂನಿಟ್ ಎಂದು ಗೊತ್ತುಪಡಿಸಿತು. ಕೇಳುವವರ ಸಂಖ್ಯೆ ವೇಗವಾಗಿ ಬೆಳೆದದ್ದರಿಂದ 2016ರ ಫೆಬ್ರುವರಿಯಲ್ಲಿ ಅದನ್ನು 150ಕ್ಕೆ ಏರಿಸಿತು. ಆಡಿಯೊ ಇರಲಿ, ವಿಡಿಯೊ ಇರಲಿ, ಕೇಳುಗ ತಾನೇ ಆಯ್ದು ಹಾಕಿಕೊಂಡ ಹಾಡಾಗಿರಬೇಕು. ಇಂಟರ್ನೆಟ್ ರೇಡಿಯೊ ತಾನಾಗಿ ನುಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಈ ಲೆಕ್ಕವನ್ನು ಒಂದು ಕಲ್ಪಿತ ಹಾಡಿನ ಮೂಲಕ ಹತ್ತಿರದಿಂದ ನೋಡಬಹುದು. ಅಮೆರಿಕದಲ್ಲಿ ಆ ಹಾಡಿನ 1,20,000 ಡೌನ್‌ಲೋಡ್‌ಗಳು ಮಾರಾಟವಾಗಿವೆ ಮತ್ತು ಅದನ್ನು 5,70,00,000 ಬಾರಿ ಸ್ಟ್ರೀಮ್ ಮಾಡಲಾಗಿದೆ ಎಂದಿಟ್ಟುಕೊಳ್ಳೋಣ. ಸ್ಟ್ರೀಮ್‌ಗಳನ್ನು 150ರಿಂದ ಭಾಗಿಸಿದರೆ 3,80,000 ಯೂನಿಟ್ ಬರುತ್ತದೆ. ಅದಕ್ಕೆ ಡೌನ್‌ಲೋಡ್‌ಗಳನ್ನು ಕೂಡಿಸಿದರೆ ಸರಿಯಾಗಿ 5,00,000. ಹಾಡು ಗೋಲ್ಡ್ ಗಡಿಯನ್ನು ಮುಟ್ಟಿತು. ಯಾರೂ ಡೌನ್‌ಲೋಡ್ ಮಾಡದೆ ಕೇವಲ ಕೇಳಿದ್ದರಿಂದಲೇ ಗಡಿ ಮುಟ್ಟಬೇಕಾದರೆ ಗೋಲ್ಡ್‌ಗೆ ಏಳೂವರೆ ಕೋಟಿ, ಪ್ಲಾಟಿನಂಗೆ 15 ಕೋಟಿ, ಡೈಮಂಡ್‌ಗೆ 150 ಕೋಟಿ ಸ್ಟ್ರೀಮ್‌ಗಳು ಬೇಕು. ಅನುಪಾತದ ಮಹತ್ವವೂ ಇಲ್ಲಿಯೇ ಕಾಣುತ್ತದೆ: ಹತ್ತು ಕೋಟಿ ಸ್ಟ್ರೀಮ್ ಪಡೆದ ಹಾಡು 2015ರ ಲೆಕ್ಕದಲ್ಲಿ ಹತ್ತು ಲಕ್ಷ ಯೂನಿಟ್ಟಿನ ಪ್ಲಾಟಿನಂ, 2016ರ ಲೆಕ್ಕದಲ್ಲಿ ಆರೂವರೆ ಲಕ್ಷಕ್ಕಿಂತ ತುಸು ಹೆಚ್ಚಿನ ಗೋಲ್ಡ್.

ಇದರ ಪರಿಣಾಮ ಬರಿಯ ಅಂಕಗಣಿತಕ್ಕೆ ಸೀಮಿತವಾಗಿಲ್ಲ. 1958ರಲ್ಲಿ ರೆಕಾರ್ಡ್ ಕೊಂಡವರು ಅದನ್ನು ಒಂದೇ ಸಲ ಕೇಳಿ ಮೂಲೆಗಿಟ್ಟರೂ, ಸವೆದು ಕರಕರ ಎನ್ನುವವರೆಗೆ ಸಾವಿರ ಸಲ ಕೇಳಿದರೂ ಲೆಕ್ಕದಲ್ಲಿ ಅದು ಒಂದೇ. ಅಂದಿನ ಅಮೆರಿಕದ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರಗಳಿದ್ದವು. ಒಂದು ಯಂತ್ರಕ್ಕೆ ಕೊಂಡ ಒಂದು ರೆಕಾರ್ಡನ್ನು ನೂರಾರು ಜನ ಕಾಸು ಹಾಕಿ ಕೇಳಿದರೂ ಎಣಿಕೆಗೆ ಬಂದದ್ದು ಆ ಒಂದು ಪ್ರತಿ ಮಾತ್ರ. ಇಂದು ಒಬ್ಬರೇ ವ್ಯಕ್ತಿ ದಿನಕ್ಕೊಮ್ಮೆಯಂತೆ ಐದು ತಿಂಗಳು ಒಂದು ಹಾಡನ್ನು ಕೇಳಿದರೆ ಸುಮಾರಾಗಿ ಒಂದು ಯೂನಿಟ್ ತುಂಬುತ್ತದೆ, ಮತ್ತೆ ಐದು ತಿಂಗಳು ಕೇಳಿದರೆ ಇನ್ನೊಂದು. ಹಿಂದಿನ ಎಣಿಕೆ ಕೊಳ್ಳುವ ನಿರ್ಧಾರವನ್ನು ಅಳೆಯುತ್ತಿತ್ತು, ಇಂದಿನದು ಕೇಳುವ ಅಭ್ಯಾಸವನ್ನು ಅಳೆಯುತ್ತದೆ. ಎರಡೂ ಜನಪ್ರಿಯತೆಯ ಪ್ರಾಮಾಣಿಕ ಅಳತೆಗಳೇ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ದೊಡ್ಡದು ಚಿಕ್ಕದು ಎನ್ನುವುದಕ್ಕೆ ಮಾತ್ರ ಅವು ಒದಗಿ ಬರುವುದಿಲ್ಲ.

ಡೈಮಂಡ್ ಸಿಂಗಲ್‌ಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. 1997ರಲ್ಲಿ ರಾಜಕುಮಾರಿ ಡಯಾನಾ ಅವರ ನೆನಪಿಗಾಗಿ ಎಲ್ಟನ್ ಜಾನ್ ಹಾಡಿದ ‘ಕ್ಯಾಂಡಲ್ ಇನ್ ದ ವಿಂಡ್’ನ ಹೊಸ ರೂಪ ಅಮೆರಿಕದಲ್ಲಿ 11 ಪಟ್ಟು ಪ್ಲಾಟಿನಂ ಆಯಿತು. ಅಲ್ಲಿ ಎಣಿಸಿದ್ದು ಅಂಗಡಿಗೆ ಹೋದ ಸಿಡಿ, ಕ್ಯಾಸೆಟ್ ಪ್ರತಿಗಳನ್ನು. ಪೋಸ್ಟ್ ಮ್ಯಾಲೋನ್ ಮತ್ತು ಸ್ವೇ ಲೀ ಅವರ 2018ರ ‘ಸನ್‌ಫ್ಲವರ್’ 2024ರಲ್ಲಿ 20 ಪಟ್ಟು ಪ್ಲಾಟಿನಂ, ಅಂದರೆ ಎರಡು ಕೋಟಿ ಯೂನಿಟ್‌ಗಳ ಮೊದಲ ‘ಡಬಲ್ ಡೈಮಂಡ್’ ಸಿಂಗಲ್ ಆಯಿತು. ಅದು ಸ್ಟ್ರೀಮಿಂಗ್ ಯುಗದ ಹಾಡು. ಎರಡನೆಯದು ಮೊದಲನೆಯದರ ಹೆಚ್ಚುಕಡಿಮೆ ಇಮ್ಮಡಿ ಜನಪ್ರಿಯ ಎನ್ನಲು ಈ ಸಂಖ್ಯೆಗಳು ಆಧಾರವಾಗಲಾರವು.

ಕೇಳಿದರಷ್ಟೇ ಕೊಡುತ್ತಾರೆ

ಹಾಡು ಗಡಿ ದಾಟಿದ ಕ್ಷಣವೇ ಪ್ರಮಾಣಪತ್ರ ತಾನಾಗಿ ಬರುತ್ತದೆ ಎಂಬುದು ಹಲವರ ನಂಬಿಕೆ. ಅಮೆರಿಕದಲ್ಲಿ ಹಾಗಿಲ್ಲ. ಹಾಡಿನ ಹಕ್ಕುಳ್ಳ ಕಂಪನಿಯವರು ಸಂಘಕ್ಕೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಲೆಕ್ಕಪತ್ರಗಳನ್ನು ತೆರೆದಿಡಬೇಕು. ಗೆಲ್ಫಂಡ್, ರೆನರ್ಟ್ ಆ್ಯಂಡ್ ಫೆಲ್ಡ್‌ಮನ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆ ಬಹುಕಾಲದಿಂದ ಈ ಪರಿಶೀಲನೆ ನಡೆಸುತ್ತ ಬಂದಿದೆ. ಅಂಗಡಿಗೆ ಹೋದ ಪ್ರತಿಗಳು, ವಾಪಸು ಬಂದವು, ಡೌನ್‌ಲೋಡ್‌ಗಳು, ಸ್ಟ್ರೀಮ್‌ಗಳು ಎಲ್ಲವನ್ನೂ ಕೂಡಿ ಕಳೆದು ನೋಡಿ, ಗಡಿ ದಾಟಿದೆ ಎಂದು ಖಚಿತವಾದ ಮೇಲಷ್ಟೇ ಘೋಷಣೆ ಬರುತ್ತದೆ.

ಅರ್ಜಿಯನ್ನೇ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಗಿಂತ ಒಳ್ಳೆಯ ನಿದರ್ಶನವಿಲ್ಲ. ಬೆರಿ ಗಾರ್ಡಿ ಕಟ್ಟಿದ ಈ ಕಂಪನಿಯಿಂದ 1960ರ ದಶಕದಲ್ಲಿ ಸುಪ್ರೀಮ್ಸ್, ಟೆಂಪ್ಟೇಷನ್ಸ್, ಮಾರ್ವಿನ್ ಗೇ ಮೊದಲಾದವರ ಹಾಡುಗಳು ಒಂದರ ಹಿಂದೊಂದರಂತೆ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನ ಹಿಡಿದವು. ಆದರೂ ಆ ದಶಕದ ಗೋಲ್ಡ್ ಸಿಂಗಲ್‌ಗಳ ದಾಖಲೆಯಲ್ಲಿ ಮೋಟೌನ್ ಹೆಸರು ಸಿಗುವುದಿಲ್ಲ. ಕಂಪನಿಯು 1970ರ ದಶಕದ ಕೊನೆಯವರೆಗೆ ಸಂಘದ ಲೆಕ್ಕಪರಿಶೋಧನೆಗೆ ತನ್ನನ್ನು ಒಡ್ಡಿಕೊಂಡಿರಲಿಲ್ಲ. ಅಮೆರಿಕದ ಕಪ್ಪು ಸಂಗೀತಗಾರರ ಅತ್ಯಂತ ಯಶಸ್ವಿ ದಶಕವೊಂದರ ಬಹುದೊಡ್ಡ ಭಾಗ ಅಧಿಕೃತ ದಾಖಲೆಯಿಂದ ಹೀಗೆ ಹೊರಗುಳಿಯಿತು. ಪ್ರಮಾಣಪತ್ರಗಳ ಪಟ್ಟಿಯನ್ನೇ ಸಂಗೀತದ ಇತಿಹಾಸವೆಂದು ಓದುವವರು ಈ ಖಾಲಿ ಜಾಗವನ್ನು ಗಮನಿಸಲೇಬೇಕು.

ಇದರ ಇನ್ನೊಂದು ಮುಖ ಎಲ್ವಿಸ್ ಪ್ರೀಸ್ಲಿ. ಅವರು ತೀರಿಕೊಂಡು 15 ವರ್ಷವಾದ ಮೇಲೆ, 1992ರಲ್ಲಿ, ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು ಲೆಕ್ಕ ಮಾಡಿದಾಗ ಅವರ ಆಲ್ಬಂ ಮತ್ತು ಸಿಂಗಲ್‌ಗಳಿಗೆ ಒಮ್ಮೆಲೇ 110 ಪ್ರಮಾಣಪತ್ರಗಳು ಘೋಷಣೆಯಾದವು. ಆ ವರ್ಷ ಅವರ ಹಾಡುಗಳಿಗೆ ಹಠಾತ್ತನೆ ಬೇಡಿಕೆ ಬಂತೆಂದು ಇದರ ಅರ್ಥವಲ್ಲ. ದಶಕಗಳ ಹಿಂದೆಯೇ ಮಾರಾಟವಾದದ್ದನ್ನು ಆ ವರ್ಷ ಲೆಕ್ಕಕ್ಕೆ ತಂದರು, ಅಷ್ಟೇ.

ಕೆಲವು ಹಾಡುಗಳಂತೂ ಈ ವ್ಯವಸ್ಥೆ ಹುಟ್ಟುವ ಮೊದಲೇ ಜಗತ್ತನ್ನು ಸುತ್ತಿ ಬಂದಿದ್ದವು. ಬಿಂಗ್ ಕ್ರಾಸ್ಬಿ ಅವರ 1942ರ ‘ವೈಟ್ ಕ್ರಿಸ್‌ಮಸ್’ ಜಗತ್ತಿನಾದ್ಯಂತ ಐದು ಕೋಟಿ ಪ್ರತಿ ಮಾರಾಟವಾಗಿದೆ ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಅದು ಅಂದಾಜು, ಲೆಕ್ಕಪರಿಶೋಧಕರು ಕೂತು ತಾಳೆ ನೋಡಿದ ಸಂಖ್ಯೆಯಲ್ಲ.

ಒಬ್ಬರೇ ಹತ್ತು ಲಕ್ಷ ಕೊಂಡಾಗ

ಪಟ್ಟಿ ಮತ್ತು ಪ್ರಮಾಣಪತ್ರಗಳು ಒಂದೇ ಘಟನೆಯನ್ನು ಎಷ್ಟು ಬೇರೆಯಾಗಿ ನೋಡಬಲ್ಲವು ಎಂಬುದು 2013ರಲ್ಲಿ ಬಯಲಾಯಿತು. ಇದು ಸಿಂಗಲ್‌ಗಿಂತ ಆಲ್ಬಂಗೆ ಸೇರಿದ ಪ್ರಸಂಗವಾದರೂ ತತ್ತ್ವ ಒಂದೇ. ಸ್ಯಾಮ್‌ಸಂಗ್ ಕಂಪನಿಯು ಜೇ-ಝೀ ಅವರ ‘ಮ್ಯಾಗ್ನಾ ಕಾರ್ಟಾ ಹೋಲಿ ಗ್ರೇಲ್’ ಆಲ್ಬಂನ ಹತ್ತು ಲಕ್ಷ ಡಿಜಿಟಲ್ ಪ್ರತಿಗಳನ್ನು ತಲಾ 5 ಡಾಲರ್‌ನಂತೆ ತಾನೇ ಕೊಂಡು, ತನ್ನ ಗ್ಯಾಲಕ್ಸಿ ಫೋನ್ ಇದ್ದವರಿಗೆ ಆ್ಯಪ್ ಮೂಲಕ ಪುಕ್ಕಟೆಯಾಗಿ ಹಂಚಿತು. ಬಿಡುಗಡೆಯಾಗಿ 30 ದಿನ ಕಳೆಯಬೇಕೆಂಬ ತನ್ನ ನಿಯಮವನ್ನು ಡಿಜಿಟಲ್ ಆಲ್ಬಂಗಳ ಮಟ್ಟಿಗೆ ಸಂಘವು ಅದೇ ಸಂದರ್ಭದಲ್ಲಿ ಕೈಬಿಟ್ಟು ಆಲ್ಬಂ ಅನ್ನು ಪ್ಲಾಟಿನಂ ಎಂದು ಘೋಷಿಸಿತು. ಡಿಜಿಟಲ್ ಪ್ರತಿ ಅಂಗಡಿಯಿಂದ ಹಿಂದಿರುಗಿ ಬರುವ ಸರಕಲ್ಲವಾದ್ದರಿಂದ ಕಾಯುವ ಅಗತ್ಯವಿಲ್ಲ ಎಂಬ ವಾದದಲ್ಲಿ ಹುರುಳಿತ್ತು. ಬಿಲ್‌ಬೋರ್ಡ್ ಮಾತ್ರ ಆ ಹತ್ತು ಲಕ್ಷ ಪ್ರತಿಗಳನ್ನು ತನ್ನ ವಾರದ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಕೇಳುಗರು ಹಣ ಕೊಟ್ಟು ಆಯ್ದುಕೊಂಡದ್ದಲ್ಲ ಎಂಬುದು ಅದರ ನಿಲುವು.

ಗಡಿ ದಾಟಿದರೆ ಗಡಿಯೇ ಬೇರೆ

ಪ್ರಮಾಣಪತ್ರ ಆಯಾ ದೇಶದೊಳಗಿನ ಲೆಕ್ಕ. ಯೂಟ್ಯೂಬ್‌ನಲ್ಲಿ ಜಗತ್ತಿನಾದ್ಯಂತ ಹತ್ತು ಕೋಟಿ ವೀಕ್ಷಣೆ ಕಂಡ ಹಾಡು ಅಮೆರಿಕದೊಳಗೆ ಬೆರಳೆಣಿಕೆಯ ಜನರನ್ನಷ್ಟೇ ತಲುಪಿದ್ದರೆ ಅಲ್ಲಿನ ಸಂಘದ ಲೆಕ್ಕದಲ್ಲಿ ಅದು ಗಡಿಯ ಹತ್ತಿರಕ್ಕೂ ಬರುವುದಿಲ್ಲ. ಮಾರುಕಟ್ಟೆಯ ಗಾತ್ರಕ್ಕೆ ತಕ್ಕಂತೆ ಗಡಿಗಳೂ ಬೇರೆಬೇರೆ. ಪ್ಲಾಟಿನಂ ಸಿಂಗಲ್‌ಗೆ ಕೆನಡಾದಲ್ಲಿ 80,000, ಆಸ್ಟ್ರೇಲಿಯಾದಲ್ಲಿ 70,000 ಯೂನಿಟ್ ಸಾಕು.

ಬ್ರಿಟನ್ನಿನ ವ್ಯವಸ್ಥೆ ಬಿಪಿಐ ಎಂಬ ಸಂಘದ್ದು, 1973ರಲ್ಲಿ ಆರಂಭವಾಯಿತು. ಅಲ್ಲಿ ಗೋಲ್ಡ್‌ಗಿಂತ ಕೆಳಗೆ ‘ಸಿಲ್ವರ್’ ಎಂಬ ದರ್ಜೆಯೂ ಇದೆ. ಮೊದಲಿಗೆ ಸಿಂಗಲ್‌ಗೆ ಸಿಲ್ವರ್ 2.5 ಲಕ್ಷ, ಗೋಲ್ಡ್ 5 ಲಕ್ಷ, ಪ್ಲಾಟಿನಂ 10 ಲಕ್ಷ ಇತ್ತು. 1989ರಿಂದ ಕ್ರಮವಾಗಿ 2 ಲಕ್ಷ, 4 ಲಕ್ಷ, 6 ಲಕ್ಷ. ಅಮೆರಿಕ ತನ್ನ ಗಡಿ ಇಳಿಸಿದ ವರ್ಷವೇ ಬ್ರಿಟನ್ ಕೂಡ ಇಳಿಸಿತು ಎಂಬುದನ್ನು ಗಮನಿಸಿದರೆ ಸಿಂಗಲ್ ವ್ಯಾಪಾರದ ಕುಸಿತ ಎರಡೂ ಕಡೆ ಒಂದೇ ಬಗೆಯಲ್ಲಿ ಮುಟ್ಟಿತ್ತೆಂದು ತಿಳಿಯುತ್ತದೆ. 2013ರ ಜುಲೈನಿಂದ ಬ್ರಿಟನ್ನಿನಲ್ಲಿ ಅರ್ಜಿಯ ಅಗತ್ಯವೂ ಇಲ್ಲ. ಅಲ್ಲಿನ ಅಧಿಕೃತ ಪಟ್ಟಿಯ ಸಂಸ್ಥೆ ಕಲೆಹಾಕುವ ಮಾರಾಟದ ಅಂಕಿಗಳು ಗಡಿ ದಾಟಿದ ಕೂಡಲೇ ಪ್ರಮಾಣಪತ್ರ ತಾನಾಗಿ ಸಲ್ಲುತ್ತದೆ. ಮೋಟೌನ್‌ನಂಥ ಖಾಲಿ ಜಾಗಗಳು ಹೊಸದಾಗಿ ಹುಟ್ಟದಿರಲು ಇದೇ ಸರಿಯಾದ ದಾರಿ ಎಂದು ನನಗೆ ತೋರುತ್ತದೆ.

ಜಪಾನ್ ಬೇರೆಯೇ ದಾರಿ ಹಿಡಿದಿದೆ. ಅಲ್ಲಿ ಸಿಡಿ ಮೊದಲಾದ ಭೌತಿಕ ಪ್ರತಿಗಳು, ಡೌನ್‌ಲೋಡ್‌ಗಳು, ಸ್ಟ್ರೀಮ್‌ಗಳು ಮೂರಕ್ಕೂ ಪ್ರತ್ಯೇಕ ಪ್ರಮಾಣಪತ್ರ. ಭೌತಿಕ ಸಿಂಗಲ್‌ನ ಗೋಲ್ಡ್ 1 ಲಕ್ಷ, ಪ್ಲಾಟಿನಂ 2.5 ಲಕ್ಷ. 2020ರಲ್ಲಿ ಶುರುವಾದ ಸ್ಟ್ರೀಮಿಂಗ್ ಪ್ರಮಾಣಪತ್ರದಲ್ಲಿ ಗೋಲ್ಡ್ 5 ಕೋಟಿ ಸ್ಟ್ರೀಮ್, ಪ್ಲಾಟಿನಂ 10 ಕೋಟಿ, ಡೈಮಂಡ್ 50 ಕೋಟಿ. ಕೇಳಿದ್ದನ್ನು ಕೊಂಡದ್ದಕ್ಕೆ ಪರಿವರ್ತಿಸುವ ಗೋಜೇ ಇಲ್ಲ. ಎಣಿಸಿದ್ದನ್ನು ಎಣಿಸಿದ ಹಾಗೆಯೇ ಹೇಳುವ ಈ ಕ್ರಮ ಓದುಗರಿಗೆ ಎಲ್ಲಕ್ಕಿಂತ ಸ್ಪಷ್ಟವಾದದ್ದು.

ಅಮೆರಿಕದೊಳಗೇ ಇನ್ನೊಂದು ಒಳವ್ಯವಸ್ಥೆಯಿದೆ. ಸ್ಪ್ಯಾನಿಷ್ ಭಾಷೆಯ ಸಂಗೀತಕ್ಕಾಗಿ 2000ದಲ್ಲಿ ಆರಂಭವಾದ ಲ್ಯಾಟಿನ್ ಪ್ರಮಾಣಪತ್ರದಲ್ಲಿ ಇಂದು ಗೋಲ್ಡ್‌ಗೆ 30,000, ಪ್ಲಾಟಿನಂಗೆ 60,000 ಯೂನಿಟ್‌ಗಳು. ಹಾಗಾಗಿ ‘ಅಮೆರಿಕದಲ್ಲಿ ಹತ್ತು ಪಟ್ಟು ಪ್ಲಾಟಿನಂ’ ಎಂಬ ಒಂದೇ ವಾಕ್ಯ ಒಂದು ಕೋಟಿ ಯೂನಿಟ್‌ಗಳನ್ನೂ ಹೇಳುತ್ತಿರಬಹುದು, ಆರು ಲಕ್ಷವನ್ನೂ ಹೇಳುತ್ತಿರಬಹುದು.

ನಮ್ಮ ದೇಶದಲ್ಲಿ ಸಂಗೀತ ಕಂಪನಿಗಳ ಸಂಘ 1936ರಷ್ಟು ಹಳೆಯದು. ಇಂದು ಅದರ ಹೆಸರು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ. ಕನ್ನಡ ಚಿತ್ರರಂಗದವರು ನಡೆಸುತ್ತಿದ್ದ ‘ಪ್ಲಾಟಿನಂ ಡಿಸ್ಕ್’ ಸಮಾರಂಭಗಳು ಹಲವರ ನೆನಪಿನಲ್ಲಿವೆ. ಅವು ಆಡಿಯೊ ಕಂಪನಿ ಮತ್ತು ಚಿತ್ರತಂಡ ತಮ್ಮ ಹಾಡುಗಳ ಗೆಲುವನ್ನು ಹಂಚಿಕೊಳ್ಳಲು ಏರ್ಪಡಿಸುತ್ತಿದ್ದ ಸಮಾರಂಭಗಳು. ಮೇಲೆ ವಿವರಿಸಿದ ಅಮೆರಿಕದ ಗಡಿಗಳನ್ನು ಅವುಗಳಿಗೆ ಅನ್ವಯಿಸಿ ಓದಬಾರದು.

ಸುದ್ದಿಯನ್ನು ಓದುವಾಗ

ಅಮೆರಿಕದ ಸಂಘದ ಗೋಲ್ಡ್ ಮತ್ತು ಪ್ಲಾಟಿನಂ ದಾಖಲೆ ಅದರ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಗಾಯಕರ ಹೆಸರು ಅಥವಾ ಹಾಡಿನ ಹೆಸರನ್ನು ಟೈಪ್ ಮಾಡಿ ಹುಡುಕಬಹುದು. ಪ್ರತಿ ನಮೂದಿನಲ್ಲಿ ಕಂಪನಿಯ ಹೆಸರು, ಸಿಂಗಲ್ ಅಥವಾ ಆಲ್ಬಂ ಎಂಬ ವಿವರ, ದರ್ಜೆ ಮತ್ತು ಪ್ರಮಾಣೀಕರಿಸಿದ ದಿನಾಂಕ ಇರುತ್ತವೆ. ವಿವರಗಳನ್ನು ತೆರೆದರೆ ಹಾಡು ಬಿಡುಗಡೆಯಾದ ದಿನ ಮತ್ತು ಹಿಂದಿನ ದರ್ಜೆಗಳೂ ಕಾಣುತ್ತವೆ. ಲ್ಯಾಟಿನ್ ವಿಭಾಗದ ಪ್ರಮಾಣಪತ್ರವಾಗಿದ್ದರೆ ಅದೂ ಅಲ್ಲಿ ತಿಳಿಯುತ್ತದೆ.

ಆ ದಿನಾಂಕವನ್ನು ಓದುವಾಗ ಎರಡು ಸಂಗತಿ ತಿಳಿದಿರಬೇಕು. ಅದು ಲೆಕ್ಕಪರಿಶೋಧನೆ ಮುಗಿದು ದರ್ಜೆ ಸಂದ ದಿನ, ಹಾಡು ಗಡಿ ದಾಟಿದ ದಿನವಲ್ಲ. ನಡುವೆ ವಾರಗಳೂ ಕಳೆದಿರಬಹುದು, ಎಲ್ವಿಸ್ ಪ್ರೀಸ್ಲಿ ಅವರ ಹಾಡುಗಳಂತೆ ದಶಕಗಳೂ ಕಳೆದಿರಬಹುದು. ಜೊತೆಗೆ, ಅಲ್ಲಿ ಕಾಣುವ ದರ್ಜೆ ಕನಿಷ್ಠ ಸಂಖ್ಯೆ. ಮೂರು ಪಟ್ಟು ಪ್ಲಾಟಿನಂ ಎಂದಿದ್ದರೆ ಆ ದಿನಕ್ಕೆ 30 ಲಕ್ಷ ಯೂನಿಟ್ ದಾಟಿತ್ತೆಂದಷ್ಟೇ ಅರ್ಥ, ಅದು 38 ಲಕ್ಷವೂ ಆಗಿದ್ದಿರಬಹುದು. ಆಮೇಲೆ ಹಾಡು ಎಷ್ಟೇ ಮುಂದೆ ಹೋಗಿದ್ದರೂ ಕಂಪನಿ ಮತ್ತೊಮ್ಮೆ ಅರ್ಜಿ ಹಾಕುವವರೆಗೆ ದಾಖಲೆಯಲ್ಲಿ ಆ ಹಳೆಯ ದರ್ಜೆಯೇ ಉಳಿದಿರುತ್ತದೆ.